ಹದಿನೆಂಟು, ಹತ್ತೊಂಬತ್ತು, ಮತ್ತೆ ಹದಿನೆಂಟು

ಫೆಬ್ರವರಿ 3

ಅಕ್ಕ,

ನಿನ್ನ ಹತ್ತಿರ ಇರುವ ಟೇಪು ಸುಳ್ಳು ಹೇಳುತ್ತದೆ. ಅದು ನನಗೆ ಹತ್ತು ತಿಂಗಳಿಂದ ಗೊತ್ತು.

ಪೀಠಿಕೆ ಹಾಕಿದರೆ ಮತ್ತೆ ಹೇಳದೆ ಉಳಿದುಬಿಡುತ್ತೇನೆ, ಅದಕ್ಕೇ ಮೊದಲ ಸಾಲಿನಲ್ಲೇ ಬರೆದೆ. ಈಗ ಆ ಟೇಪನ್ನು ಕೈಗೆ ತೆಗೆದುಕೊಂಡು ಒಂದರಿಂದ ಓದುತ್ತಾ ಹೋಗು. ಹದಿನೇಳು, ಹದಿನೆಂಟು, ಹತ್ತೊಂಬತ್ತು. ಅಲ್ಲಿ ಒಂದು ಜೋಡಣೆ ಇದೆ, ಬೆರಳಾಡಿಸಿದರೆ ಸಿಗುತ್ತದೆ. ಅದರಾಚೆ ಮತ್ತೆ ಹದಿನೆಂಟು, ಮತ್ತೆ ಹತ್ತೊಂಬತ್ತು, ಆಮೇಲೆ ಇಪ್ಪತ್ತು. ಟೇಪಿನ ತುದಿಯನ್ನು ಎಲ್ಲರೂ ಓದುತ್ತಾರೆ, ನಡುವನ್ನು ಯಾರೂ ಓದುವುದಿಲ್ಲ. ಅದು ನಿನ್ನ ಸೊಂಟ ಮೂವತ್ತಾರು ಎಂದಾಗ ನಿಜವಾಗಿ ಮೂವತ್ತೆಂಟು.

ಮೊದಲು ಅದು ತಪ್ಪು. ಕಳೆದ ಏಪ್ರಿಲ್‌ನಲ್ಲಿ ನೀನು ಟೇಪು ಕೇಳಿದೆ. ಕಟ್ಟಡದ ಸೈಟಿನ ಸ್ಟೋರಿನಲ್ಲಿ ಕಬ್ಬಿಣದ ಟೇಪು ಮಾತ್ರ ಇದೆ, ಅದರಿಂದ ಸರಳು ಅಳೆಯಬಹುದು, ಮನುಷ್ಯರನ್ನಲ್ಲ ಎಂದು ನೀನೇ ಹೇಳಿದೆ. ನಮ್ಮ ಟೈಲರ್ ಅಂಗಡಿಯಲ್ಲಿ ಎರಡು ಸತ್ತ ಟೇಪು ಬಿದ್ದಿದ್ದವು. ಒಂದಕ್ಕೆ ಇಸ್ತ್ರಿಪೆಟ್ಟಿಗೆ ತಾಗಿ ಅರ್ಧದಿಂದಾಚೆ ಸುಟ್ಟಿತ್ತು, ಇನ್ನೊಂದರ ತಲೆ ಹರಿದಿತ್ತು. ಎರಡನ್ನೂ ಕತ್ತರಿಸಿ ಸೇರಿಸಿ ಹೊಲಿದೆ. ಎಂದಿನಂತೆ ನಾಲ್ಕು ಕೆಲಸ ಒಟ್ಟಿಗೆ ಮಾಡುತ್ತಿದ್ದೆ, ಎಲ್ಲಿ ಕತ್ತರಿಸಿದೆನೆಂದು ನೋಡಲಿಲ್ಲ. ಮರುದಿನ ಅಂಗಡಿಯ ಗೊಂಬೆಗೆ ಸುತ್ತಿ ನೋಡಿದರೆ ಮೂವತ್ತು ಇಂಚಿನ ಗೊಂಬೆ ಇಪ್ಪತ್ತೆಂಟು ತೋರಿಸಿತು. ಗೊಂಬೆ ಪಥ್ಯ ಮಾಡುವುದಿಲ್ಲವಲ್ಲ. ಆಗ ನನಗೆ ತಿಳಿಯಿತು.

ಬಿಚ್ಚಿ ಸರಿಮಾಡಲು ಕತ್ತರಿ ಎತ್ತಿಕೊಂಡಾಗಲೇ ನಿನ್ನ ಫೋನು ಬಂತು. ಕಂಪನಿಯ ತಪಾಸಣೆಯಲ್ಲಿ ನಿನ್ನ ತೂಕ ಎಂಬತ್ತಾರು ಬಂದಿತ್ತು. ಡಾಕ್ಟರು ಸಾಲಿನಲ್ಲಿ ನಿಂತ ಗಂಡಸರೆಲ್ಲರ ಎದುರಿಗೆ, "ಹೀಗೇ ಹೋದ್ರೆ ಮುಂದಿನ ವರ್ಷ ನೀನು ಕ್ರೇನ್ ಓಡ್ಸೋದಿಲ್ಲಮ್ಮ, ಕ್ರೇನೇ ನಿನ್ನ ಎತ್ತಬೇಕಾಗುತ್ತೆ" ಎಂದನಂತೆ. ನೀನು ನಗುತ್ತಾ ಹೇಳಲು ಶುರುಮಾಡಿದೆ, ಆಮೇಲೆ ನಿನ್ನ ನಗು ಎಲ್ಲೋ ಹೋಯಿತು. ಅಮ್ಮ ಹೋದಾಗ ಬಿಟ್ಟರೆ ನೀನು ಅತ್ತದ್ದನ್ನು ನಾನು ಕೇಳಿದ್ದು ಅದೇ ಸಲ. ನಾನು ಕತ್ತರಿ ಕೆಳಗಿಟ್ಟು ಟೇಪನ್ನು ಹಾಗೇ ಮಡಚಿ ಕಳಿಸಿದೆ. ಆಮೇಲಿನದು ತಪ್ಪಲ್ಲ, ಸುಳ್ಳು.

ವಾರದಲ್ಲಿ ನೀನು ಬರೆದೆ, "ಬುಗುರಿ, ಎರಡಿಂಚು ಇಳಿದಿದ್ದೇನೆ ಕಣೇ, ನಡೆದದ್ದು ಸಾರ್ಥಕ." ಅಂದಿನಿಂದ ನೀನು ಕಳಿಸಿದ ಅಳತೆಗೆ ಎರಡು ಇಂಚು ಸೇರಿಸಿ ಬಟ್ಟೆ ಕತ್ತರಿಸುತ್ತಿದ್ದೇನೆ. ಎಲ್ಲ ಸರಿಯಾಗಿ ಕೂರುತ್ತದೆ, ನಿನಗೆ ಸಂಶಯ ಬರುವುದಿಲ್ಲ. ಶಾಲೆ ಬಿಟ್ಟಾಗಲೂ ಮನೆಗೆ ಬಂದು "ಬಿಟ್ಟೆ" ಎಂದು ನೇರ ಹೇಳಿದವಳು ನಾನು. ಇದೊಂದನ್ನು ಹೇಳಲಾಗಲಿಲ್ಲ.

ಈಗೇಕೆ ಹೇಳುತ್ತಿದ್ದೇನೆಂದರೆ, ಹೋದ ವಾರದ ಕಾಗದದಲ್ಲಿ ನೀನು ಸೊಂಟ ಮೂವತ್ತಾರು, ಹೋದ ಸಲದ ತಪಾಸಣೆಯಷ್ಟೇ ಇದ್ದೇನೆ, ಈ ಸಲವೂ ದಾಟುತ್ತೇನೆ ಎಂದು ಬರೆದಿದ್ದೀಯ. ನೀನು ಅಷ್ಟೇ ಇಲ್ಲ ಅಕ್ಕ. ಮಾರ್ಚ್ ಇಪ್ಪತ್ತೇಳರ ತಪಾಸಣೆಯಲ್ಲಿ ತಕ್ಕಡಿ ನಿಜ ಹೇಳುತ್ತದೆ, ಅದೂ ಆ ಗಂಡಸರ ಎದುರಿಗೆ. ತೊಂಬತ್ತು ದಾಟಿದರೆ ನಿನ್ನನ್ನು ಕ್ರೇನಿನಿಂದ ಕೆಳಗಿಳಿಸುತ್ತಾರೆ.

ಇನ್ನೂ ಒಂದಿದೆ. ಈ ಸಲದ ಓವರಾಲ್ ಕತ್ತರಿಸುವಾಗ ನಿನ್ನ ಹಳೆಯ ಅಳತೆಗಳನ್ನೆಲ್ಲ ಪುಸ್ತಕದಲ್ಲಿ ಸಾಲಾಗಿ ನೋಡಿದೆ. ಟೇಪು ಸುಳ್ಳು ಹೇಳುವುದು ಹತ್ತೊಂಬತ್ತರ ಆಚೆ ಮಾತ್ರ. ಅದರೊಳಗೆ ಅದು ಸತ್ಯವಂತ. ಅಲ್ಲಿ ನಿನ್ನ ಕುತ್ತಿಗೆ ಹದಿಮೂರೂವರೆ ಇದ್ದದ್ದು ಹದಿನೈದು ಆಗಿದೆ. ಮಣಿಕಟ್ಟು ಆರು ಇದ್ದದ್ದು ಆರೂಮುಕ್ಕಾಲು. ತಿಂದು ದಪ್ಪವಾದವರನ್ನು ದಿನವೂ ಅಳೆಯುತ್ತೇನೆ. ಅವರ ಸೊಂಟ ಹೋಗುತ್ತದೆ, ಮಣಿಕಟ್ಟು ಇಷ್ಟು ಹೋಗುವುದಿಲ್ಲ. ನೀನು ಒಂದೇ ಹೊತ್ತು ಉಣ್ಣುತ್ತಿದ್ದೀಯ, ಆದರೂ ಕುತ್ತಿಗೆ, ಕೈ ಊದುತ್ತಿವೆ. ಇದು ಊಟದ್ದಲ್ಲ. ಕುತ್ತಿಗೆಯಲ್ಲಿ ಥೈರಾಯ್ಡ್ ಎಂಬ ಗ್ರಂಥಿ ಇದೆಯಲ್ಲ, ಅದು ನಿಧಾನವಾಗಿರಬಹುದು ಎಂದು ನನ್ನ ಅನುಮಾನ. ರಕ್ತ ಕೊಟ್ಟರೆ ಸಾಕು, ಗೊತ್ತಾಗುತ್ತದೆ.

ಓವರಾಲ್ ಕಳಿಸುತ್ತಿದ್ದೇನೆ. ಕಾಗದ ಎಂದಿನಂತೆ ಎಡಜೇಬಿನಲ್ಲಿ, ಹೊಸ ಟೇಪು ಬಲಜೇಬಿನಲ್ಲಿ. ಅದನ್ನು ಗೊಂಬೆಗೆ ಸುತ್ತಿ ನೋಡಿದ್ದೇನೆ. ಬೈಯುವುದಿದ್ದರೆ ಬೈ, ಆದರೆ ಪರೀಕ್ಷೆ ಮಾಡಿಸು.

ನಿನ್ನ
ಬುಗುರಿ


ಫೆಬ್ರವರಿ 12

ಬುಗುರಿ,

ಓವರಾಲ್ ಬಂತು. ಭುಜ ಚೆನ್ನಾಗಿ ಕೂತಿದೆ. ಕಂಪನಿ ಕೊಡುವ ಗಂಡಸರ ಓವರಾಲ್‌ನಲ್ಲಿ ನಾನು ಗೋಣಿಚೀಲದೊಳಗೆ ಇಳಿದ ಹಾಗೆ ಕಾಣುತ್ತಿದ್ದೆ. ಇದನ್ನು ಹಾಕಿಕೊಂಡು ಹೋದರೆ ಕೆಳಗೆ ನಿಂತು ನನಗೆ ದಾರಿ ಹೇಳುವ ಸಿಗ್ನಲ್ ಅಣ್ಣ ವಾಕಿಟಾಕಿಯಲ್ಲಿ, "ಏನಮ್ಮಾ, ಇವತ್ತು ಕ್ರೇನಿಗೆ ಮದುವೆನಾ?" ಎಂದ.

ಟೇಪಿನ ವಿಷಯ ಓದಿ ನಕ್ಕೆ. ಹೋಗಲಿ ಬಿಡು. ನಿನ್ನ ಕೆಲಸ ಯಾವಾಗ ನೆಟ್ಟಗಿತ್ತು?

ಆದರೆ ಡಾಕ್ಟರ್ ಆಗುವುದನ್ನು ನಿಲ್ಲಿಸು. ಒಂಬತ್ತನೇ ಕ್ಲಾಸಿನ ವಿಜ್ಞಾನದ ಪುಸ್ತಕವನ್ನೇ ಮುಗಿಸದವಳು ನೀನು. ಅದರ ಎಷ್ಟನೇ ಪಾಠದಲ್ಲಿ ಥೈರಾಯ್ಡ್ ಬರುತ್ತದೆ ಹೇಳು ನೋಡೋಣ. ಈಗ ಯಾರಿಗೆ ಎರಡು ಕೆಜಿ ಹೆಚ್ಚಾದರೂ ಥೈರಾಯ್ಡ್ ಅನ್ನುವುದು ಒಂದು ಚಾಳಿಯಾಗಿದೆ. ನನಗಿರುವುದು ಬೊಜ್ಜು, ಕೂತು ಮಾಡುವ ಕೆಲಸದಿಂದ ಬಂದದ್ದು. ಬೊಜ್ಜಾದರೆ ನಾನು ಇಳಿಸಬಲ್ಲೆ. ಬೆಳಿಗ್ಗೆ ಬರಿ ಬಿಸಿನೀರು, ಮಧ್ಯಾಹ್ನ ಒಂದು ಮೊಟ್ಟೆ, ಸಂಜೆ ಬೇಯಿಸಿದ ತರಕಾರಿ. ಕೆಲಸ ಬಿಟ್ಟ ಮೇಲೆ ವಸತಿಯ ಸುತ್ತ ಎಂಟು ಸುತ್ತು ನಡೆಯುತ್ತೇನೆ. ಇನ್ನೂ ಆರು ವಾರವಿದೆ.

ನಿನಗೆ ಇಲ್ಲಿಯ ವಿಷಯ ತಿಳಿಯದು, ಅದಕ್ಕೇ ಬರೆಯುತ್ತೇನೆ. ನನ್ನ ಕ್ಯಾಬಿನ್ ಐವತ್ತು ಮೀಟರ್ ಮೇಲಿದೆ. ಏಣಿಗೆ ನೂರ ಅರವತ್ತೆಂಟು ಮೆಟ್ಟಿಲು. ಬಿದ್ದರೆ ಹಿಡಿಯುವ ಪಟ್ಟಿ ನೂರು ಕೆಜಿ ತಡೆಯುತ್ತದೆ. ಬೂಟು, ಹೆಲ್ಮೆಟ್, ಸಲಕರಣೆ ಎಲ್ಲ ಕಳೆದು ಕಂಪನಿ ತೊಂಬತ್ತಕ್ಕೆ ಗೆರೆ ಎಳೆದಿದೆ. ಆ ಗೆರೆ ದಾಟಿದರೆ ಎರಡು ತಿಂಗಳು ಸಮಯ ಕೊಡುತ್ತಾರೆ. ಆದರೆ ಕಾಗದದಲ್ಲಿ ಕಾಯಿಲೆಯ ಹೆಸರು ಬಿತ್ತೋ, ಅದು ಬೇರೆ ದಾರಿ. ಹೋದ ವರ್ಷ ಎರಡನೇ ಕ್ರೇನಿನವನಿಗೆ ಸಕ್ಕರೆ ಕಾಯಿಲೆ ಎಂದು ಬರೆದರು. ಇವತ್ತು ಅವನು ಸ್ಟೋರಿನಲ್ಲಿ ಕೂತು ಕೈಗವಸು ಎಣಿಸಿ ಕೊಡುತ್ತಿದ್ದಾನೆ. ಈ ಸೈಟಿನಲ್ಲಿ ಕ್ರೇನ್ ಹತ್ತಿದ ಮೊದಲ ಹೆಂಗಸು ನಾನು. ಏಳು ವರ್ಷ ಬೇಕಾಯಿತು, ಕೈಗವಸು ಎಣಿಸುವುದಕ್ಕಲ್ಲ.

ಮೇಲೆ ಹೋದ ಮೇಲೆ ಯಾರೂ ನನ್ನನ್ನು ನೋಡುವುದಿಲ್ಲ ಕಣೇ. ನನ್ನ ಕೈಯನ್ನು ಮಾತ್ರ ನಂಬುತ್ತಾರೆ. ಮೂರು ಟನ್ ಸರಳನ್ನು ತಟ್ಟೆ ಇಟ್ಟ ಹಾಗೆ ಇಡುತ್ತೇನೆ. ಅದನ್ನು ಬಿಟ್ಟುಕೊಡಲಾರೆ.

ಅಮ್ಮನ ಉಂಗುರ ಪೆಟ್ಟಿಗೆಯಲ್ಲಿ ಜೋಪಾನವಾಗಿದೆ. ಕೆಲಸಕ್ಕೆ ಅಡ್ಡ ಬರುತ್ತದೆಂದು ತೆಗೆದಿಟ್ಟೆ. ಗಂಟಲು ಸ್ವಲ್ಪ ಕಟ್ಟಿದೆ, ಧೂಳು. ನಿಮ್ಮ ಟೈಲರ್ ಮಾಸ್ಟರ್‌ಗೆ ನಮಸ್ಕಾರ ಹೇಳು. ಈ ಅಂಗಡಿಯಲ್ಲಾದರೂ ಒಂದು ವರ್ಷ ತುಂಬಿಸು.

ಅಕ್ಕ


ಫೆಬ್ರವರಿ 19

ಅಕ್ಕ,

ಏಳನೇ ಪಾಠ. ನಾನು ಬಿಟ್ಟದ್ದು ಆರನೆಯದರಲ್ಲಿ.

ಮೊನ್ನೆ ಗ್ರಂಥಾಲಯಕ್ಕೆ ಹೋಗಿ ಅದೇ ಪುಸ್ತಕ ಕೇಳಿದೆ. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತು ಓದಿದೆ. ಅರ್ಧ ಪುಟವಷ್ಟೇ ಇದೆ. ಚಿಟ್ಟೆಯ ಆಕಾರದ್ದು, ಕುತ್ತಿಗೆಯ ಮುಂಭಾಗದಲ್ಲಿರುತ್ತದೆ, ದೇಹದ ವೇಗ ಅದರ ಕೈಯಲ್ಲಿದೆ. ಇನ್ನು ಒಂದು ವಾರ ಶಾಲೆಯಲ್ಲಿ ಕೂತಿದ್ದರೆ ಗೊತ್ತಾಗುತ್ತಿತ್ತು. ಆ ಮಾತು ನಿಜ, ಒಪ್ಪಿಕೊಂಡೆ. ನನ್ನ ಅನುಮಾನ ಮಾತ್ರ ಆ ಪುಸ್ತಕದಿಂದ ಬಂದದ್ದಲ್ಲ, ಅಂಗಡಿಗೆ ಬರುವವರ ಮಾತು ಕೇಳಿ ಬಂದದ್ದು.

ನಮ್ಮಲ್ಲಿಗೆ ಲ್ಯಾಬ್ ಮೇಡಂ ಒಬ್ಬರು ಬಿಳಿ ಕೋಟು ಹೊಲಿಸಲು ಬರುತ್ತಾರೆ. ದಿನವಿಡೀ ಜನರ ರಕ್ತ ತೆಗೆಯುವವರು. ನಿನ್ನ ಕಾಗದ ಬಂದ ಮೇಲೆ ಅವರ ತೋಳು ಅಳೆಯುತ್ತಾ ನಿನ್ನ ಅಳತೆ ಹೇಳಿದೆ, ನಿನ್ನ ಹೆಸರು ಹೇಳಲಿಲ್ಲ. ಅವರು ಕೈ ಕೆಳಗಿಳಿಸಿದರು.

"ಅವರಿಗೆ ಚಳಿ ಜಾಸ್ತಿನಾ?"

"ಬಿಸಿಲಲ್ಲೂ ಸ್ವೆಟರ್ ಕೇಳಿದಾಳೆ ಮೇಡಂ. ಮೇಲೆ ಗಾಳಿ ಅಂತಾಳೆ."

"ಧ್ವನಿ?"

"ಗಂಟಲು ಕಟ್ಟಿದೆಯಂತೆ. ಧೂಳು ಅಂತಾಳೆ."

"ಎಲ್ಲದಕ್ಕೂ ಒಂದು ಕಾರಣ ರೆಡಿ ಇಟ್ಕೊಂಡಿದಾರಲ್ಲ," ಎಂದು ನಕ್ಕರು. ಆಮೇಲೆ ನಗಲಿಲ್ಲ. "ನಾನು ಡಾಕ್ಟರ್ ಅಲ್ಲ, ಹಾಗೇ ಹೇಳೋಕಾಗಲ್ಲ. ಥೈರಾಯ್ಡ್ ಇರಬಹುದು, ಇಲ್ಲದೇನೂ ಇರಬಹುದು. ಟಿಎಸ್‌ಎಚ್ ಅಂತ ಒಂದು ಟೆಸ್ಟ್ ಇದೆ, ಮಾಡಿಸೋಕೆ ಹೇಳು. ಒಂದು ಸೂಜಿ ಅಷ್ಟೇ."

ಮಾಸ್ಟರ್ ಮೂಲೆಯಿಂದ, "ಇದೇನ್ ಟೈಲರ್ ಅಂಗಡಿನೋ ಆಸ್ಪತ್ರೆನೋ? ಮೊದಲು ಮೇಡಂ ಕಂಕುಳ ಅಳತೆ ಬರ್ಕೋ!" ಎಂದು ಕೂಗಿದರು. ಮೇಡಂ ಹೋದ ಮೇಲೆ ಅವರೇ ನನ್ನ ಹತ್ತಿರ ಬಂದು, ಅಳತೆ ಪುಸ್ತಕದ ನಿನ್ನ ಪುಟವನ್ನು ತಿರುಗಿಸಿ ತಿರುಗಿಸಿ ನೋಡಿ, "ಕೈ ಪಟ್ಟಿಗೆ ಮುಕ್ಕಾಲು ಇಂಚು ಜಾಸ್ತಿ ಮಾಡೋದು ನನ್ನ ಸರ್ವೀಸಲ್ಲೇ ನೋಡಿಲ್ಲ ಕಣಮ್ಮ" ಎಂದರು.

ಅಕ್ಕ, ನನ್ನ ಕಾಗದದಲ್ಲಿ ಉಂಗುರದ ಮಾತೇ ಇರಲಿಲ್ಲ. ಕೇಳದ ಪ್ರಶ್ನೆಗೆ ನೀನು ಉತ್ತರ ಕೊಟ್ಟಿದ್ದೀಯ. ಏಕೆ?

ನನಗೆ ಅಮ್ಮನ ನೆನಪು ಬಂತು. ಕೊನೆಯ ಎರಡು ವರ್ಷ ಬೇಸಿಗೆಯಲ್ಲೂ ಹೊದ್ದುಕೊಂಡು ಕೂರುತ್ತಿದ್ದಳು. ತರಕಾರಿ ಹೆಚ್ಚುತ್ತಾ ಹೆಚ್ಚುತ್ತಾ ನಿದ್ದೆ ಹೋಗುತ್ತಿದ್ದಳು. ಎಲ್ಲರೂ ಸೋಮಾರಿ ಎಂದರು. ಅವಳು ನಡೆಯುವ ರೀತಿಯನ್ನು ನಾನು ನಟಿಸಿ ತೋರಿಸುತ್ತಿದ್ದೆ, ಮನೆಗೆ ಬಂದವರು ಬಿದ್ದು ಬಿದ್ದು ನಗುತ್ತಿದ್ದರು. ಅಮ್ಮನೂ ನಗುತ್ತಿದ್ದಳು. ನೀನು ಮಾತ್ರ ನಗುತ್ತಿರಲಿಲ್ಲ. ಉಂಗುರ ಬೆರಳಿಗೆ ಕಚ್ಚಿಕೊಂಡು, ಸೋಪು ಹಚ್ಚಿ ನಾವಿಬ್ಬರೂ ಎಳೆದೆವಲ್ಲ, ಕೊನೆಗೆ ಅದು ಬಂದದ್ದು ಅವಳು ಹೋದ ಮೇಲೆ. ಅವಳಿಗೂ ಇದೇ ಇತ್ತೋ ಏನೋ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ. ನಿನ್ನದು ಗೊತ್ತಾಗುತ್ತದೆ.

ಮೂರು ಪ್ರಶ್ನೆ. ಹೌದು ಅಥವಾ ಇಲ್ಲ, ಅಷ್ಟೇ ಬರೆ. ಗಾಳಿ, ಧೂಳು, ವಯಸ್ಸು ಯಾವುದೂ ಬೇಡ.

ಕ್ಯಾಬಿನ್ ಬಾಗಿಲು ಹಾಕಿದ ಮೇಲೂ ಚಳಿಯಾಗುತ್ತದಾ?

ಉಂಗುರ ನಿನ್ನ ಬೆರಳಿನಿಂದ ತಾನಾಗಿ ಬಂತಾ?

ಮೇಲೆ ಕೂತಾಗ ನಿದ್ದೆ ಬರುತ್ತದಾ?

ಬುಗುರಿ


ಮಾರ್ಚ್ 4

ಅಕ್ಕ,

ಎರಡು ವಾರವಾಯಿತು. ನಾಲ್ಕು ಸಲ ಫೋನ್ ಮಾಡಿದೆ. "ಕೆಲಸದಲ್ಲಿದೀನಿ, ಆಮೇಲೆ" ಎಂದು ನೀನು ನಾಲ್ಕೂ ಸಲ ಹೇಳಿದೆ. ಭಾನುವಾರವೂ ಕೆಲಸವಾ? ನಿನ್ನ ಧ್ವನಿ ಕೇಳಿ ಮೊದಲ ಸಲ ಬೇರೆ ಯಾರೋ ಎತ್ತಿದರೆಂದು ತಿಳಿದು, "ಸ್ವಲ್ಪ ಅಕ್ಕನಿಗೆ ಕೊಡಿ" ಎಂದೆ. ಅದಕ್ಕೆ ಕ್ಷಮಿಸು.

ಟೇಪಿನ ಸಿಟ್ಟು ಈಗ ಬಂದಿದೆ ಎಂದು ನನ್ನ ಊಹೆ. ಮೊದಲು ನಕ್ಕೆ ಎಂದು ಬರೆದದ್ದು ದೊಡ್ಡವಳಾಗಿ. ಆಮೇಲೆ ಯೋಚಿಸಿ ನೋಡಿದರೆ ಸಿಟ್ಟು ಬಂದೇ ಬರುತ್ತದೆ, ನನಗಾದರೂ ಬರುತ್ತಿತ್ತು. ಹತ್ತು ತಿಂಗಳು ಮೋಸ ಮಾಡಿದೆ. ನೀನು ನನ್ನ ಜೊತೆ ಮಾತು ಬಿಡು, ಬೇಕಾದರೆ ಒಂದು ವರ್ಷ. ಅದಕ್ಕೆ ಮುಂಚೆ ಆ ಸೂಜಿ ಚುಚ್ಚಿಸಿಕೊಂಡುಬಿಡು.

ಉತ್ತರ ಬರದ ಪ್ರಶ್ನೆಗೆ ನಾನೇ "ಹೌದು" ಎಂದು ತುಂಬಿಸಿಕೊಳ್ಳುತ್ತಿದ್ದೇನೆ. ಮೂರಕ್ಕೂ.

ಬುಗುರಿ


ಮಾರ್ಚ್ 9

ಬುಗುರಿ,

ಹೌದು. ಇಲ್ಲ. ಹೌದು.

ಇವತ್ತು ಭಾನುವಾರ, ಬೆಳಿಗ್ಗೆಯಿಂದ ಕೂತು ಬರೆಯುತ್ತಿದ್ದೇನೆ. ಮೂರು ಸಲ ಹರಿದೆ.

ಮೊದಲು ಟೇಪು. ಅದರಲ್ಲಿ ಎರಡು ಹದಿನೆಂಟು ಇರುವುದು ನನಗೆ ಜೂನ್‌ನಲ್ಲೇ ಗೊತ್ತಾಗಿತ್ತು. ಕಿಟಕಿಯ ಪರದೆಗೆ ಅಳತೆ ತೆಗೆದೆ, ಬಟ್ಟೆ ಎರಡಿಂಚು ಸಾಲಲಿಲ್ಲ. ಟೇಪನ್ನು ಬೆಳಕಿಗೆ ಹಿಡಿದು ಓದಿದೆ. ಆಮೇಲೆ ಮಡಚಿ ಒಳಗಿಟ್ಟೆ. ನೀನು ಬೇಕೆಂದೇ ಮಾಡಿದ್ದೀಯ ಎಂದು ಆಗಲೇ ಅನಿಸಿತು, ಏಕೆಂದರೆ ನೀನು ಹೊಲಿದ ಬಟ್ಟೆ ಮಾತ್ರ ನನಗೆ ಸರಿಯಾಗಿ ಕೂರುತ್ತಿತ್ತು. ನಿನಗೆ ಹೇಳಿದರೆ ನೀನು ನಿಜವಾದ ಟೇಪು ಕಳಿಸುತ್ತೀಯ. ಅದು ನನಗೆ ಬೇಕಿರಲಿಲ್ಲ. ಹಾಗಾಗಿ ನೀನು ಸುಳ್ಳು ಹೇಳುತ್ತಿದ್ದೆ, ನಾನು ಅದನ್ನೇ ಅಳೆದು ನಿನಗೆ ವಾಪಸ್ ಕಳಿಸುತ್ತಿದ್ದೆ. ನನಗೆ ಸಿಟ್ಟು ಬರುವುದಕ್ಕೆ ಜಾಗವೇ ಇಲ್ಲ ಕಣೇ.

ಉಂಗುರ ತಾನಾಗಿ ಬರಲಿಲ್ಲ. ಜನವರಿಯಲ್ಲಿ ಬೆರಳು ನೀಲಿಯಾಯಿತು. ಬೆಸುಗೆಯವನು ಸಣ್ಣ ಕತ್ತರಿಯಿಂದ ಕತ್ತರಿಸಿ ತೆಗೆದ. ಪೆಟ್ಟಿಗೆಯಲ್ಲಿ ಜೋಪಾನವಾಗಿದೆ ಎಂದದ್ದು ನಿಜ, ಎರಡು ತುಂಡಾಗಿ.

ಈಗ ಮೂರನೆಯದು. ಫೆಬ್ರವರಿ ಇಪ್ಪತ್ತೈದು, ಮಧ್ಯಾಹ್ನ ಎರಡೂವರೆ. ನಿನ್ನ ಕಾಗದ ಬಂದು ಎರಡು ದಿನವಾಗಿತ್ತು, ನನ್ನ ಜೇಬಿನಲ್ಲೇ ಇತ್ತು. ಬಿಸಿಲು ಗಾಜಿನ ಮೇಲೆ ಬೀಳುತ್ತಿತ್ತು, ನಾನು ಸ್ವೆಟರ್ ಹಾಕಿಕೊಂಡಿದ್ದೆ. ಒಂದು ಕಟ್ಟು ಸರಳನ್ನು ಎತ್ತಿ ಒಂಬತ್ತನೇ ಮಹಡಿಯ ಕಡೆಗೆ ತಿರುಗಿಸುತ್ತಿದ್ದೆ. ಆಮೇಲಿನದು ನನಗೆ ನೆನಪಿಲ್ಲ. ನೆನಪಿರುವುದು ಸಿಗ್ನಲ್ ಅಣ್ಣನ ಕೂಗು.

"ಮೇಲೆ! ಮೇಲೆ! ಅಮ್ಮಾ, ಏನಾಯ್ತು? ಮಾತಾಡು!"

ಅವನು ಮೂರು ಸಲ ಕೂಗಿದನಂತೆ. ನಾನು ಕೇಳಿಸಿಕೊಂಡದ್ದು ಒಂದೇ. ಹಿಡಿಯಿಂದ ನನ್ನ ಕೈ ಜಾರಿತ್ತು. ಕೈ ಬಿಟ್ಟರೆ ಕ್ರೇನ್ ತಾನೇ ನಿಲ್ಲುತ್ತದೆ, ಅದಕ್ಕೇ ಹಾಗೆ ಮಾಡಿದ್ದಾರೆ. ಆದರೆ ತಿರುಗುವಾಗ ಒಮ್ಮೆಲೇ ನಿಂತರೆ ಸರಳಿನ ಕಟ್ಟು ತೊಟ್ಟಿಲಿನ ಹಾಗೆ ತೂಗುತ್ತದೆ. ಅದು ತೂಗುತ್ತಿದ್ದ ಜಾಗದ ಕೆಳಗೆ ಇಬ್ಬರು ಕೆಲಸ ಮಾಡುತ್ತಿದ್ದರು. ಅಣ್ಣ ಅವರನ್ನು ಓಡಿಸಿದ. ಯಾರಿಗೂ ಏನೂ ಆಗಲಿಲ್ಲ.

ಕಟ್ಟನ್ನು ಇಳಿಸಿ ಕೆಳಗೆ ಬಂದೆ. ಐದು ಕಡೆ ನಿಂತು ನಿಂತು ಇಳಿದೆ. ಇಳಿಯುವುದಕ್ಕೂ ಏದುಸಿರು ಬರುತ್ತದೆ ಈಗ, ಅದನ್ನೂ ನಿನಗೆ ಬರೆದಿರಲಿಲ್ಲ. ಅಣ್ಣ ನೀರಿನ ಡ್ರಮ್ಮಿನ ಹತ್ತಿರ ನಿಂತಿದ್ದ. ಬೈಯಲಿಲ್ಲ. ಅವನು ಬೈಯದೆ ಇದ್ದದ್ದೇ ತಡೆಯಲಾಗಲಿಲ್ಲ.

"ನಿದ್ದೆ ಬಂತು ಅಣ್ಣಾ," ಎಂದೆ.

"ಎಷ್ಟನೇ ಸಲ?"

"ಕೈ ಜಾರಿದ್ದು ಇದೇ ಮೊದಲು. ತೂಕಡಿಸಿದ್ದು ಲೆಕ್ಕ ಇಲ್ಲ."

ಅವನು ಹೆಲ್ಮೆಟ್ ತೆಗೆದು ತಲೆ ಒರೆಸಿಕೊಂಡ. "ನೋಡಮ್ಮ, ನೀನು ಮೇಲಿದ್ರೆ ನಾನು ಕೆಳಗೆ ಕಣ್ಮುಚ್ಚಿ ನಿಲ್ತೀನಿ, ಅಷ್ಟು ನಂಬಿಕೆ ನಂಗೆ. ಇಬ್ರೂ ಕಣ್ಮುಚ್ಚಿದ್ರೆ ಹೆಂಗೆ? ಇವತ್ತು ನೀನೇ ಹೋಗಿ ಇಂಜಿನಿಯರ್‌ಗೆ ಹೇಳು. ಐದು ಗಂಟೆವರೆಗೆ ಕಾಯ್ತೀನಿ. ಆಮೇಲೆ ನಾನು ಹೇಳ್ತೀನಿ, ನೀನು ನನ್ನ ಮೇಲೆ ಸಿಟ್ಟಾದ್ರೂ ಪರವಾಗಿಲ್ಲ."

ನಾನು ನಾಲ್ಕಕ್ಕೇ ಹೋಗಿ ಹೇಳಿದೆ. ಅವರು ಕ್ಯಾಬಿನ್ ಬೀಗದ ಕೈ ಕೇಳಿದರು, ಕೊಟ್ಟೆ. ಅಂದಿನಿಂದ ಸ್ಟೋರಿನಲ್ಲಿದ್ದೇನೆ. ನೀನು ಫೋನ್ ಮಾಡಿದಾಗಲೆಲ್ಲ ಕೆಲಸದಲ್ಲಿದ್ದೆ ಎಂದೆನಲ್ಲ, ಕೈಗವಸಿನ ಕಪಾಟಿನ ಮುಂದೆ ಕೂತಿದ್ದೆ. ಅದನ್ನು ಹೇಳಲು ಬಾಯಿ ಬರಲಿಲ್ಲ. "ಅಕ್ಕನಿಗೆ ಕೊಡಿ" ಎಂದು ನೀನು ಕೇಳಿದಾಗ, ಕೊಡಲು ನನ್ನ ಹತ್ತಿರ ಅಕ್ಕ ಇಲ್ಲವೇನೋ ಅನಿಸಿತ್ತು.

ನಿನ್ನೆ ಊರೊಳಗಿನ ಲ್ಯಾಬಿಗೆ ಹೋಗಿ ರಕ್ತ ಕೊಟ್ಟೆ. ಒಂದು ಸೂಜಿ ಅಷ್ಟೇ, ನಿನ್ನ ಮೇಡಂ ಹೇಳಿದ ಹಾಗೆ. ಅದಕ್ಕೆ ಎಷ್ಟು ಹೆದರಿದ್ದೆ ನೋಡು.

ಅಕ್ಕ


ಮಾರ್ಚ್ 16

ಬುಗುರಿ,

ಐದರೊಳಗೆ ಇರಬೇಕಾದ ಟಿಎಸ್‌ಎಚ್ ಅರವತ್ತೆರಡು ಇದೆ.

ಡಾಕ್ಟರಮ್ಮ ಚೀಟಿ ನೋಡಿ, ನನ್ನನ್ನು ನೋಡಿ, "ಇದನ್ನ ಇಟ್ಕೊಂಡು ನೀವು ದಿನಾ ಏಣಿ ಹತ್ತುತಿದ್ರಾ?" ಎಂದರು. ನನ್ನ ಹುಬ್ಬಿನ ತುದಿಯ ಕೂದಲು ಉದುರಿರುವುದನ್ನು ಬೆರಳಿನಿಂದ ತೋರಿಸಿದರು. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಬರೀ ಹೊಟ್ಟೆ ನೋಡಿಕೊಳ್ಳುತ್ತಿದ್ದೆ.

ತಕ್ಕಡಿ ಹತ್ತಿಸಿದರು. ತೊಂಬತ್ತಮೂರು. ಸುತ್ತ ಯಾರೂ ಇರಲಿಲ್ಲ, ಯಾರೂ ನಗಲಿಲ್ಲ. "ಮಾತ್ರೆ ತಗೊಂಡ್ರೆ ಸಣ್ಣಗಾಗ್ತೀನಾ?" ಎಂದು ಕೇಳಿಯೇಬಿಟ್ಟೆ. ಅವರು ಸುಳ್ಳು ಹೇಳಲಿಲ್ಲ. ಊದಿದ್ದು ಇಳಿಯುತ್ತದೆ, ಮೂರೋ ನಾಲ್ಕೋ ಕೆಜಿ, ಮಿಕ್ಕದ್ದಕ್ಕೆ ಎಲ್ಲರ ಹಾಗೆ ನಿಧಾನವಾಗಿ ಶ್ರಮಪಡಬೇಕು ಎಂದರು. "ಈ ಉಪವಾಸ ಮಾತ್ರ ಬಿಡಿ. ಅರ್ಧ ಸುಸ್ತು ಅದರಿಂದಲೇ. ನೀವು ಸೋಮಾರಿ ಅಲ್ಲಮ್ಮ, ನಿಮ್ಮ ಗ್ರಂಥಿ ಸೋಮಾರಿ." ಆ ಮಾತಿಗೆ ನಾನು ಅಲ್ಲಿ ಅತ್ತೆ. ನನಗಾಗಿ ಅಲ್ಲ. ಯಾರಿಗಾಗಿ ಎಂದು ನಿನಗೆ ಗೊತ್ತು.

ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಒಂದು ಸಣ್ಣ ಬಿಳಿ ಮಾತ್ರೆ. ಆರು ವಾರದ ನಂತರ ಮತ್ತೆ ರಕ್ತ ನೋಡುತ್ತಾರೆ.

ಇದೇ ಇಪ್ಪತ್ತನಾಲ್ಕರ ಸೋಮವಾರ ಬೆಳಿಗ್ಗೆ ಹತ್ತಕ್ಕೆ ನನ್ನ ವಿಚಾರಣೆ. ಇಂಜಿನಿಯರ್, ಕಂಪನಿಯ ಡಾಕ್ಟರು, ಸುರಕ್ಷತೆಯವರು ಮೂವರು ಕೂರುತ್ತಾರೆ. ಗ್ರಂಥಿ ಸರಿಯಾದ ಮೇಲೆ ಕ್ಯಾಬಿನ್ ವಾಪಸ್ ಕೊಡುವುದೋ, ಸ್ಟೋರಿನಲ್ಲೇ ಇಡುವುದೋ ಅಂದು ತೀರ್ಮಾನ. ಅದೇ ಡಾಕ್ಟರು ಇರುತ್ತಾನೆ. ಸಿಗ್ನಲ್ ಅಣ್ಣ ಸಾಕ್ಷಿ ಹೇಳುತ್ತಾನೆ, ನಡೆದದ್ದನ್ನೆಲ್ಲ, ಹಾಗೇ. ನನ್ನ ಪರವಾಗಿಯೂ ವಿರುದ್ಧವಾಗಿಯೂ ಅದೇ ಸಾಕ್ಷಿ. ಏನಾಗುತ್ತದೋ ಗೊತ್ತಿಲ್ಲ.

ನೀನು ಬರಬೇಡ. ಎದ್ದು ಹೊರಟುಬಿಡುವವಳು ನೀನು, ಅದಕ್ಕೇ ಮುಂಚೆಯೇ ಹೇಳುತ್ತಿದ್ದೇನೆ. ಶಾಲೆ, ಬೇಕರಿ, ಫೋಟೋ ಸ್ಟುಡಿಯೋ, ಎಲ್ಲ ಒಂದೇ ದಿನದಲ್ಲಿ ಬಿಟ್ಟೆ. ಇದೊಂದು ಅಂಗಡಿಯಲ್ಲಿ ನಿಂತಿದ್ದೀಯ. ನನಗಾಗಿ ಅದನ್ನು ಬಿಡಬೇಡ. ನಾನು ಚೆನ್ನಾಗಿದ್ದೇನೆ. ಸ್ಟೋರಿನ ಕಿಟಕಿಯಿಂದ ಕ್ರೇನ್ ಪೂರ್ತಿ ಕಾಣುತ್ತದೆ. ಕೆಳಗಿನಿಂದ ಅದನ್ನು ನೋಡಿ ಅಭ್ಯಾಸವಿಲ್ಲ, ಅಷ್ಟೇ.

ಹಳೆಯ ಟೇಪನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಹೊಸತರಲ್ಲಿ ಅಳೆದುಕೊಂಡೆ. ಸೊಂಟ ಮೂವತ್ತೆಂಟೂವರೆ. ಬರೆದುಕೋ.

ಅಕ್ಕ


ಮಾರ್ಚ್ 20

ಅಕ್ಕ,

ಮೂವತ್ತೆಂಟೂವರೆ. ಬರೆದುಕೊಂಡೆ, ಪಕ್ಕದಲ್ಲಿ ತಾರೀಕು ಹಾಕಿದೆ.

ನೀನು "ಚೆನ್ನಾಗಿದ್ದೇನೆ" ಎಂದು ಕಾಗದದಲ್ಲಿ ಬರೆದದ್ದು ಇದೇ ಮೊದಲು. ಅದು ಫೋನಿನ ಮಾತು. ಅದರ ಮುಂದಿನ ಎರಡು ಸಾಲು ಓದಿದೆ, ಕಿಟಕಿಯದ್ದು. ಆಮೇಲೆ ಮಾಸ್ಟರ್ ಹತ್ತಿರ ಹೋದೆ.

ಈ ಸಲ ಹೇಳದೆ ಓಡಲಿಲ್ಲ. ಅವರ ಮೇಜಿನ ಮುಂದೆ ನಿಂತು, "ಮಾಸ್ಟರ್, ಹತ್ತು ದಿನ ರಜ ಬೇಕು, ವಾಪಸ್ ಬರ್ತೀನಿ" ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು.

"ನೀನು ರಜ ಕೇಳ್ತಿದೀಯಾ? ನಾನು ನಿನ್ನ ಬಗ್ಗೆ ಕೇಳಿದ್ದೇ ಬೇರೆ. ಒಂದಿನ ಬೆಳಿಗ್ಗೆ ಬಂದು ನೋಡಿದ್ರೆ ನೀನಿರಲ್ಲ ಅಂದಿದ್ರು."

"ಇರ್ತೀನಿ ಮಾಸ್ಟರ್. ಹನ್ನೊಂದನೇ ದಿನ ಬೆಳಿಗ್ಗೆ ಬಂದು ನೋಡಿ."

"ಕತ್ತರಿ ಇಟ್ಟು ಹೋಗು ಹಾಗಾದ್ರೆ," ಎಂದರು. ಅದು ನನ್ನ ಕತ್ತರಿ, ನನ್ನ ಕೈಗೆ ಒಗ್ಗಿದ್ದು. ಅದನ್ನು ಇಲ್ಲಿ ಬಿಟ್ಟು ನಾನು ಹೆಚ್ಚು ದಿನ ಇರಲಾರೆ ಎಂದು ಅವರಿಗೆ ಗೊತ್ತು. ಅವರ ಡ್ರಾಯರಿನಲ್ಲಿಟ್ಟು ಬಂದೆ.

ವಿಚಾರಣೆಯ ಕೋಣೆಗೆ ನನ್ನನ್ನು ಬಿಡುವುದಿಲ್ಲ, ಗೊತ್ತು. ಬಾಗಿಲ ಹೊರಗೆ ಒಂದು ಬೆಂಚು ಇದ್ದೇ ಇರುತ್ತದೆ. ಹತ್ತು ಗಂಟೆಯಿಂದ ನೀನು ಹೊರಗೆ ಬರುವವರೆಗೆ ಅದರ ಮೇಲೆ ಕೂರುತ್ತೇನೆ. ಶಾಲೆಯಲ್ಲಿ ಒಂದು ಪಿರಿಯಡ್ ಕೂರದವಳು ಕೂರುತ್ತೇನೆ ಎಂದರೆ ನಂಬು. ಆ ಡಾಕ್ಟರು ಮತ್ತೆ ತಮಾಷೆ ಮಾಡಿದರೆ ಹೊರಗೆ ಬಂದು ನನಗೆ ಹೇಳು. ಅವನಿಗೆ ನಾನು ಏನೂ ಮಾಡುವುದಿಲ್ಲ. ಸುಮ್ಮನೆ ಅವನ ಸೊಂಟ ಕಣ್ಣಳತೆಯಲ್ಲಿ ನೋಡಿ, ಎಲ್ಲರಿಗೂ ಕೇಳುವಂತೆ ಸಂಖ್ಯೆ ಹೇಳುತ್ತೇನೆ.

ಅವರು ಏನು ತೀರ್ಮಾನಿಸುತ್ತಾರೋ ನನಗೂ ಗೊತ್ತಿಲ್ಲ. ಕ್ಯಾಬಿನ್ ಕೊಡದಿದ್ದರೆ ಏನು ಹೇಳಿ ಸಮಾಧಾನ ಮಾಡಬೇಕೆಂದು ಯೋಚಿಸಿದೆ, ನಿಜವಾದದ್ದು ಯಾವುದೂ ಸಿಗಲಿಲ್ಲ. ಹಾಗಾಗಿ ಏನೂ ಹೇಳುವುದಿಲ್ಲ, ಪಕ್ಕದಲ್ಲಿರುತ್ತೇನೆ. ಒಂದು ಮಾತ್ರ ಗೊತ್ತು. ಆ ಮಧ್ಯಾಹ್ನ ಅಣ್ಣ ಐದು ಗಂಟೆವರೆಗೆ ಸಮಯ ಕೊಟ್ಟ, ನೀನು ನಾಲ್ಕಕ್ಕೇ ಹೋದೆ. ಅದನ್ನು ಅವರು ಕೇಳಲಿ, ಬಿಡಲಿ, ನೀನು ಹೇಳು.

ಹಳೆಯ ಟೇಪಿನ ಜೋಡಣೆಯನ್ನು ಇವತ್ತು ಬಿಚ್ಚಿದೆ. ಮುಂದಿನ ತುಂಡು, ಒಂದರಿಂದ ಹತ್ತೊಂಬತ್ತರವರೆಗಿನದು, ನನ್ನ ಚೀಲದಲ್ಲಿದೆ. ಕುತ್ತಿಗೆ, ಮಣಿಕಟ್ಟು, ಬೆರಳು ಅಳೆಯಲು ಅಷ್ಟು ಸಾಕು, ಅಷ್ಟರಲ್ಲಿ ಅದು ಯಾವತ್ತೂ ಸುಳ್ಳು ಹೇಳಲಿಲ್ಲ. ಹಿಂದಿನ ತುಂಡನ್ನು ಒಲೆಗೆ ಹಾಕಿದೆ. ಉಂಗುರದ ಎರಡು ತುಂಡನ್ನೂ ತೆಗೆದಿಡು, ಬೆರಳು ಇಳಿದ ಮೇಲೆ ಬೆಸೆಯೋಣ.

ನಿನಗೊಂದು ಹೊಸ ಓವರಾಲ್ ಹೊಲಿದಿದ್ದೇನೆ. ಪಕ್ಕದ ಹೊಲಿಗೆಯಲ್ಲಿ ಒಂದಿಂಚು ಬಟ್ಟೆ ಒಳಗೆ ಬಿಟ್ಟಿದ್ದೇನೆ. ನೀನು ಇಳಿದರೆ ಹಿಡಿಯಬಹುದು, ಏರಿದರೆ ಬಿಡಬಹುದು. ಎರಡಕ್ಕೂ ನನಗೆ ಬೇಸರವಿಲ್ಲ. ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ, ಅದರ ಎಡಜೇಬಿನಲ್ಲಿಡುತ್ತೇನೆ. ನಿನ್ನ ಕೈಗೆ ನಾನೇ ಕೊಡುತ್ತೇನೆ.

ಬರಬೇಡ ಎಂದು ನೀನು ಬರೆದದ್ದು ಓದಿದ್ದೇನೆ. ನಾಳೆ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೊರಡುತ್ತೇನೆ.

ಬುಗುರಿ